ಇಲ್ಲದ ಕಾಲಿನ ನೋವು

ಕಾಲೇ ಇಲ್ಲದ ಮೇಲೆ ಕಾಲು ನೋಯೋದು ಹೇಗೆ? ಕೇಳಿದವರಿಗೆ ನಗು ಬರಬಹುದು, ಅನುಭವಿಸುವವರಿಗೆ ಮಾತ್ರ ರಾತ್ರಿ ನಿದ್ದೆ ಬರೋದಿಲ್ಲ. ಇನ್ನೂ ವಿಚಿತ್ರ ಅಂದ್ರೆ, ಮೊಣಕಾಲಿನ ಕೆಳಗೆ ಒಂದೇ ಥರ ಕತ್ತರಿಸಿದ್ದರೂ ಒಬ್ಬರು ಇಲ್ಲದ ಬೆರಳು ಉರಿಯುತ್ತೆ ಅಂತ ಒದ್ದಾಡುತ್ತಾರೆ, ಇನ್ನೊಬ್ಬರು ಬರೀ ಜುಮುಜುಮು ಅನ್ನುತ್ತೆ ಅಂತಾರೆ. ಯಾಕೆ ಹೀಗೆ?

16ನೇ ಶತಮಾನದಲ್ಲೇ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರಾಜ್ ಪಾರೆ ಈ ನೋವನ್ನು ಗಮನಿಸಿ ಬರೆದಿಟ್ಟಿದ್ದ. ಆದರೆ ನೂರಾರು ರೋಗಿಗಳನ್ನು ಒಟ್ಟಿಗೆ ನೋಡುವ ಅವಕಾಶ ಸಿಕ್ಕಿದ್ದು ಅಮೆರಿಕದ ಅಂತರ್ಯುದ್ಧದಲ್ಲಿ (1861–65). ಫಿಲಡೆಲ್ಫಿಯಾದ ವೈದ್ಯ ಸೈಲಾಸ್ ವೀರ್ ಮಿಚೆಲ್ ಕೈಕಾಲು ಕಳೆದುಕೊಂಡ ಸೈನಿಕರನ್ನು ಪರೀಕ್ಷಿಸಿದ. ಅದರ ಬಗ್ಗೆ ಅವನು ಮೊದಲು ಬರೆದದ್ದು ಸಂಶೋಧನಾ ಲೇಖನವಲ್ಲ, ಕಥೆ! 1866ರಲ್ಲಿ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಅವನ ಹೆಸರಿಲ್ಲದೆ ಅದು ಅಚ್ಚಾಯಿತು. ನಾಲ್ಕೂ ಕೈಕಾಲು ಕಳೆದುಕೊಂಡ ಜಾರ್ಜ್ ಡೆಡ್ಲೋ ತನ್ನ ಪಾಡು ಹೇಳಿಕೊಳ್ಳುವ ಕಥೆ. ಓದಿದ ಜನ ಇದು ನಿಜವೇ ಇರಬೇಕು ಅಂತ ನಂಬಿ, ಡೆಡ್ಲೋಗಾಗಿ ಹಣ ಕಳಿಸಿದರಂತೆ. 1871ರಲ್ಲಿ ಮಿಚೆಲ್ ತನ್ನ ಹೆಸರಿನಲ್ಲೇ ಬರೆದು, ಇದಕ್ಕೆ 'ಫ್ಯಾಂಟಮ್ ಲಿಂಬ್' ಅಂದ. ನಮ್ಮ ಮಾತಲ್ಲಿ ಹೇಳೋದಾದ್ರೆ ಮಾಯಾ ಅಂಗ.

ಮುಂದಿನ ಸುಳಿವು ಸಿಕ್ಕಿದ್ದೂ ಯುದ್ಧಭೂಮಿಯಲ್ಲೇ. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಅನ್ನೋ ಅರಿವಳಿಕೆ ತಜ್ಞ ತೀವ್ರವಾಗಿ ಗಾಯಗೊಂಡ ಸೈನಿಕರನ್ನು "ನೋವಿಗೆ ಔಷಧಿ ಬೇಕಾ?" ಅಂತ ಕೇಳಿದ. ನಾಲ್ವರಲ್ಲಿ ಸುಮಾರು ಮೂವರು ಬೇಡ ಅಂದರು. ಗಾಯ ಅಂದ್ರೆ ಜೀವ ಉಳೀತು, ಇನ್ನು ಊರಿಗೆ ಹೋಗಬಹುದು ಅಂತ ಅರ್ಥ. ಇವರೆಲ್ಲ ಕೈಕಾಲು ಕಳೆದುಕೊಂಡವರೇನಲ್ಲ. ಆದರೂ ಬೀಚರ್ 1946ರಲ್ಲಿ ಬರೆದ ಲೇಖನದಿಂದ ಒಂದು ಮಾತು ಗಟ್ಟಿಯಾಯಿತು: ಗಾಯ ಎಷ್ಟು ದೊಡ್ಡದೋ ನೋವೂ ಅಷ್ಟೇ ಇರಬೇಕು ಅನ್ನೋ ಲೆಕ್ಕ ಸರಿಯಲ್ಲ.

ಹಾಗಾದ್ರೆ ನೋವನ್ನು ಅಳೆಯೋದು ಹೇಗೆ? ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್‌ಗೆ ದಾರಿ ತೋರಿಸಿದ್ದು ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಒಬ್ಬ ವೃದ್ಧೆ. ಇಲ್ಲದ ಕಾಲಿನ ನೋವನ್ನು ಆಕೆ ಬಗೆಬಗೆಯ ಮಾತಿನಲ್ಲಿ ಬಣ್ಣಿಸುತ್ತಿದ್ದರು, ಈತ ಆ ಪದಗಳನ್ನೆಲ್ಲ ಬರೆದುಕೊಳ್ಳುತ್ತಿದ್ದ. ಹೀಗೆ ಶುರುವಾದ ಪಟ್ಟಿ ಬೆಳೆದು 1975ರಲ್ಲಿ 'ಮ್ಯಾಕ್‌ಗಿಲ್ ನೋವಿನ ಪ್ರಶ್ನಾವಳಿ' ಆಯಿತು. 78 ಪದ, 20 ಗುಂಪು. ರೋಗಿಯ ಮಾತೇ ಅಳತೆಗೋಲಾಯಿತು ನೋಡಿ.

ಆದರೆ ಮಾತಾಡೋಕೆ ಧೈರ್ಯ ಬೇಕಲ್ಲ? 1984ರಲ್ಲಿ ರಿಚರ್ಡ್ ಶೆರ್ಮನ್ ಮತ್ತು ಸಂಗಡಿಗರು ಅಂಗ ಕಳೆದುಕೊಂಡ ಅಮೆರಿಕದ ಮಾಜಿ ಸೈನಿಕರ ಸಮೀಕ್ಷೆ ಪ್ರಕಟಿಸಿದರು. ಉತ್ತರಿಸಿದವರಲ್ಲಿ 78% ಜನ ಮಾಯಾ ನೋವು ಇದೆ ಅಂದಿದ್ದರು. ಅದುವರೆಗೆ ಇದು ಅಪರೂಪ ಅಂತಲೇ ಅನೇಕ ವೈದ್ಯರು ತಿಳಿದಿದ್ದರು. ಹುಚ್ಚು ಅಂದುಬಿಟ್ಟಾರು ಅಂತ ರೋಗಿಗಳು ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಈಗ ಮಿದುಳಿನ ಚಿತ್ರ ತೆಗೆದು ಹುಡುಕುತ್ತಿದ್ದಾರೆ. 1995ರಲ್ಲಿ ಹೆರ್ಟಾ ಫ್ಲೋರ್ ತಂಡ, ಕೈ ಹೋದ ಮೇಲೆ ಮಿದುಳಿನ ನಕ್ಷೆ ಹೆಚ್ಚು ಬದಲಾದವರಿಗೆ ನೋವೂ ಹೆಚ್ಚು ಅಂದಿತು. 2013ರಲ್ಲಿ ಟಮಾರ್ ಮಾಕಿನ್ ತಂಡ ಬೇರೆಯದೇ ಹೇಳಿತು: ಹೆಚ್ಚು ನೋವಿರುವವರ ಮಿದುಳಲ್ಲಿ ಹೋದ ಕೈಯ ಜಾಗ ಚೆನ್ನಾಗಿ ಉಳಿದಿರುತ್ತೆ. ಕತ್ತರಿಸುವ ಮುಂಚೆಯೇ ತುಂಬಾ ನೋವು ಉಂಡವರಿಗೆ ಆಮೇಲೂ ಕಾಟ ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ವಾದ ಇನ್ನೂ ಮುಗಿದಿಲ್ಲ.

ಸಕ್ಕರೆ ಕಾಯಿಲೆಗೆ ಕಾಲು ಕೊಟ್ಟವರು ನಮ್ಮ ನೆಂಟರಿಷ್ಟರಲ್ಲೂ ಇದ್ದಾರೆ. ಅವರು "ಇಲ್ಲದ ಹೆಬ್ಬೆರಳು ಸೆಳೀತಿದೆ ಕಣಪ್ಪ" ಅಂದ್ರೆ, "ಪಕ್ಕದ ಮನೆಯವರಿಗೆ ಹಾಗೇನಿಲ್ವಲ್ಲ" ಅನ್ನಬೇಡಿ. ಪಕ್ಕ ಕೂತು, ಹೇಗೆ ಸೆಳೆಯುತ್ತೆ ಅಂತ ಕೇಳಿ. ಅವರು ಹೇಳಿದ್ದನ್ನು ಡಾಕ್ಟರಿಗೂ ಹೇಳಿ.