ಹೋಗಿ ಬರ್ತೀವಿ

ನಮ್ಮ ಕಡೆ ಹೊಸ್ತಿಲು ದಾಟುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಬರೀ ‘ಹೋಗ್ತೀನಿ’ ಅಂದರೆ ಹಿರಿಯರು ಅಲ್ಲೇ ತಿದ್ದುತ್ತಾರೆ. ಕೆಲಸದ ಮೇಲೆ ಗಾಜುವಾಕಕ್ಕೆ ಬಂದಾಗ ಮೊದಲು ಹತ್ತಿರವಾದ ತೆಲುಗು ಮಾತು ‘ವೆಳ್ಳೊಸ್ತಾನು’. ಅದರ ಅರ್ಥವೂ ಅದೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಕಡಲಿನ ಚರಿತ್ರೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹಡಗು ಹತ್ತಿದವರಲ್ಲಿ ಬಹಳ ಮಂದಿಗೆ ‘ಬರ್ತೀನಿ’ ಅನ್ನುವ ಹಕ್ಕೇ ಇರಲಿಲ್ಲ. ರಜೆ ಹಾಕಿ, ದುಡ್ಡು ಕೊಟ್ಟು, ಮಕ್ಕಳ ಕೈ ಹಿಡಿದು, ಯಾವ ಹಡಗು ಒಳ್ಳೆಯದು ಎಂದು ಆರಿಸಿಕೊಂಡು ದ್ವೀಪಕ್ಕೆ ಹೋಗುವುದು ತೀರಾ ಇತ್ತೀಚಿನ ಭಾಗ್ಯ.

ನಮ್ಮ ಮನೆಯಲ್ಲೂ ಈ ಆಯ್ಕೆಯ ಮಾತು ಒಂದು ವರ್ಷದಿಂದ ನಡೆದಿತ್ತು. ಮಗಳಿಗೆ ಒಂಬತ್ತು, ಮಗನಿಗೆ ಐದು. ಇಬ್ಬರೂ ಹಡಗು ನೋಡುತ್ತಲೇ ಬೆಳೆಯುತ್ತಿರುವವರು, ಹತ್ತಿದವರಲ್ಲ. ನಮ್ಮ ಮುಂದೆ ಇದ್ದದ್ದು ಮೂರು ದಾರಿ. ಒಂದು, ವಿಶಾಖಪಟ್ಟಣದ ಬಂದರಿನಿಂದ ಅಂಡಮಾನಿಗೆ ಹೋಗುವ ಸರ್ಕಾರಿ ಪ್ರಯಾಣಿಕ ಹಡಗು. ಎರಡು, ಆಗೊಮ್ಮೆ ಈಗೊಮ್ಮೆ ಇಲ್ಲಿಗೆ ಬಂದು ಹೋಗುವ ಐಷಾರಾಮಿ ಕ್ರೂಸ್. ಮೂರು, ರೈಲಿನಲ್ಲಿ ವಿಜಯವಾಡಕ್ಕೆ ಹೋಗಿ ಕೃಷ್ಣಾ ನದಿಯ ಭವಾನಿ ದ್ವೀಪಕ್ಕೆ ದೋಣಿಯಲ್ಲಿ ಒಂದು ಸುತ್ತು.

ಅಂಡಮಾನ್ ಅಂದ ತಕ್ಷಣ ಊರಿನಿಂದ ಅಮ್ಮ ಫೋನಿನಲ್ಲೇ ತಡೆದರು. “ಅದು ಕರಿನೀರಲ್ವೇನೋ ಮಾರಾಯ? ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಯಾರಾದ್ರೂ ಹೋಗ್ತಾರಾ?”

ನಗುವ ಮಾತಲ್ಲ ಅದು. 1858ರ ಮಾರ್ಚ್ 10ರಂದು ಜೇಮ್ಸ್ ಪ್ಯಾಟಿಸನ್ ವಾಕರ್ ಎಂಬ ಅಧಿಕಾರಿ 200 ಕೈದಿಗಳನ್ನು ಕರೆದುಕೊಂಡು ಪೋರ್ಟ್ ಬ್ಲೇರ್ ತಲುಪಿದ. ಹಿಂದಿನ ವರ್ಷದ ದಂಗೆಯಲ್ಲಿ ಸೆರೆಸಿಕ್ಕವರನ್ನು ಇಡಲು ಬ್ರಿಟಿಷರಿಗೆ ಒಂದು ಜಾಗ ಬೇಕಿತ್ತು. ದ್ವೀಪ ಆರಿಸಿದ್ದರ ಕಾರಣ ಸರಳ: ಸುತ್ತಲಿನ ನೀರೇ ಗೋಡೆ. ಸೆಲ್ಯುಲರ್ ಜೈಲು ಬಂದದ್ದು ಆಮೇಲೆ, 1896ರಿಂದ 1906ರವರೆಗೆ ಕಟ್ಟಿದರು. ಕೈದಿಗಳನ್ನು ಹೊತ್ತು ತರುತ್ತಿದ್ದ ‘ಮಹಾರಾಜ’ ಎಂಬ ಹಡಗಿನಲ್ಲೇ 1911ರಲ್ಲಿ ಸಾವರ್ಕರ್ ಬಂದದ್ದು. ನಮ್ಮ ಭಾಷೆಯಲ್ಲಿ ‘ಕರಿನೀರು’ ಒಂದು ಜಾಗದ ಹೆಸರಿನಂತೆ ಬಳಕೆಯಾಗಿ, ಶಿಕ್ಷೆಯ ಹೆಸರಾಗಿ ಉಳಿದುಬಿಟ್ಟಿತು. ಕೆಲವು ವರ್ಷ ಸರಿಯಾಗಿ ನಡೆದುಕೊಂಡ ಕೈದಿಗೆ ಅಲ್ಲೇ ಮದುವೆಯಾಗಲು, ಬೇಸಾಯ ಮಾಡಲು ಅವಕಾಶವಿತ್ತು. ಹಾಗೆ ಹುಟ್ಟಿದ ಮಕ್ಕಳ ವಂಶದವರನ್ನು ಅಲ್ಲಿ ಇಂದಿಗೂ ‘ಲೋಕಲ್ ಬಾರ್ನ್’ ಎನ್ನುತ್ತಾರೆ. ಅವರ ಮುತ್ತಜ್ಜಂದಿರು ಹಡಗನ್ನು ಆರಿಸಿಕೊಂಡವರಲ್ಲ.

ಇತ್ತ ತೆಲುಗು ದಂಡೆಯಿಂದ ಹಡಗು ಹತ್ತಿದವರ ಕಥೆ ಬೇರೆ. ಅವರು ಹೋದದ್ದು ದ್ವೀಪಕ್ಕಲ್ಲ, ಕೊಲ್ಲಿಯ ಆಚೆ ದಡದ ಬರ್ಮಾಕ್ಕೆ. ಅಕ್ಕಿ ಗಿರಣಿಗೆ, ರಂಗೂನಿನ ಬಂದರಿನ ಮೂಟೆ ಹೊರುವುದಕ್ಕೆ. ಕಾಕಿನಾಡದ ಹತ್ತಿರದ ಕೋರಂಗಿ ಬಂದರಿನ ಹೆಸರು ಎಷ್ಟು ಹಬ್ಬಿತ್ತೆಂದರೆ, ಬರ್ಮಾದಲ್ಲಿ ತೆಲುಗರನ್ನೆಲ್ಲ ಅದೇ ಹೆಸರಿನಿಂದ ಕರೆಯುತ್ತಿದ್ದರು. ಹೋದವರಲ್ಲಿ ಗಂಡಸರೇ ಹೆಚ್ಚು. ಹೆಂಡತಿ ಮಕ್ಕಳು ಊರಲ್ಲಿ ಕಾಯುತ್ತಿದ್ದರು. 1941ರ ಕೊನೆಗೆ ಜಪಾನ್ ಬಾಂಬು ಹಾಕಲು ಶುರುಮಾಡಿದಾಗ ಹಡಗಿನ ಟಿಕೆಟ್ ಸಿಗದ ಲಕ್ಷಾಂತರ ಜನ ಕಾಡುದಾರಿಯಲ್ಲಿ ನಡೆದು ಬಂದರು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣಕ್ಕೂ ಬಾಂಬು ಹಾಕಿದವು.

ಇದೆಲ್ಲ ನನಗೆ ಪುಸ್ತಕದ ಮಾತಾಗಿ ಉಳಿಯದಿದ್ದುದಕ್ಕೆ ನಮ್ಮ ಮನೆ ಓನರ್ ಅಮ್ಮ ಕಾರಣ. ಅವರು ಹುಟ್ಟಿದ್ದು ರಂಗೂನಿನಲ್ಲಿ. 1962ರಲ್ಲಿ ನೇ ವಿನ್ ಅಧಿಕಾರ ಹಿಡಿದು, 1964ರಲ್ಲಿ ಅಂಗಡಿ ವ್ಯಾಪಾರಗಳನ್ನೆಲ್ಲ ಸರ್ಕಾರ ವಶಪಡಿಸಿಕೊಂಡಾಗ ಭಾರತೀಯ ಕುಟುಂಬಗಳು ದಂಡು ದಂಡಾಗಿ ಹೊರಟವು. ಆಗ ಅವರಿಗೆ ಏಳು ವರ್ಷ. ಕುಟುಂಬ ಮೊದಲು ನೆಲೆನಿಂತದ್ದು ವಿಶಾಖಪಟ್ಟಣದ ಬರ್ಮಾ ಕ್ಯಾಂಪಿನಲ್ಲಿ. ಹಡಗಿನಲ್ಲಿ ಏನು ನೆನಪಿದೆ ಎಂದು ಕೇಳಿದರೆ ಕಡಲಿನ ಮಾತೇ ಆಡುವುದಿಲ್ಲ. ಹತ್ತುವ ಮುಂಚೆ ತಮ್ಮ ಕಿವಿಯ ಓಲೆ ಬಿಚ್ಚಿಸಿಕೊಂಡರು, ಅಷ್ಟೇ ನೆನಪು ಅನ್ನುತ್ತಾರೆ.

ಒಪ್ಪೊತ್ತಿನ ಕೂಲಿಗೂ ಜೈಲಿಗೂ ಜನರನ್ನು ಸಾಗಿಸುತ್ತಿದ್ದ ಈ ಹಡಗುಗಳೆಲ್ಲ ಬ್ರಿಟಿಷ್ ಕಂಪನಿಗಳವು. ಅದು ಬದಲಾದ ಕಥೆಯ ಒಂದು ತುದಿ ಗಾಜುವಾಕದ ಪಕ್ಕದಲ್ಲೇ ಇದೆ. ಇಲ್ಲಿಂದ ಮಲ್ಕಾಪುರಂ ಕಡೆಗೆ ಹೋಗುವ ಆಟೋದವರು ‘ಸಿಂಧಿಯಾ, ಸಿಂಧಿಯಾ’ ಎಂದು ಕೂಗುತ್ತಾರೆ. ಗ್ವಾಲಿಯರ್ ಮಹಾರಾಜರ ಮನೆತನದ ಹೆಸರು ಆಂಧ್ರದ ಬಸ್‌ಸ್ಟಾಪಿಗೆ ಹೇಗೆ ಬಂತು?

ಮೊದಲ ಮಹಾಯುದ್ಧದ ಕಾಲದಲ್ಲಿ ಗ್ವಾಲಿಯರ್ ಮಹಾರಾಜರು ‘ಎಂಪ್ರೆಸ್ ಆಫ್ ಇಂಡಿಯಾ’ ಎಂಬ ಹಳೆಯ ಪ್ರಯಾಣಿಕ ಹಡಗನ್ನು ಆಸ್ಪತ್ರೆ ಹಡಗಾಗಿಸಲು ಕೊಂಡು ‘ಲಾಯಲ್ಟಿ’ ಎಂದು ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ವಾಲ್‌ಚಂದ್ ಹೀರಾಚಂದ್ ಮತ್ತು ಜೊತೆಗಾರರು ಅದನ್ನು ಕೊಂಡು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಶುರುಮಾಡಿದರು. 1919ರ ಏಪ್ರಿಲ್ 5ರಂದು ‘ಲಾಯಲ್ಟಿ’ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವೇ ಇಂದು ನಮ್ಮ ರಾಷ್ಟ್ರೀಯ ನೌಕಾಯಾನ ದಿನ. ಬೆಂಗಳೂರಿನಿಂದ ಬಂದ ನಮಗೆ ವಾಲ್‌ಚಂದ್ ಹೊಸಬರಲ್ಲ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದವರು ಅವರೇ. ಆರು ತಿಂಗಳ ನಂತರ, 1941ರ ಜೂನ್ 21ರಂದು, ವಿಶಾಖಪಟ್ಟಣದಲ್ಲಿ ಅವರ ಹಡಗು ಕಟ್ಟುವ ಕಾರ್ಖಾನೆಗೆ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಎಚ್‌ಎಎಲ್ ಗೇಟಿನ ಹತ್ತಿರ ಬೆಳೆದ ನನ್ನ ಹೆಂಡತಿ ಈಗ ಶಿಪ್‌ಯಾರ್ಡಿನ ಹತ್ತಿರ ಸಂಸಾರ ಮಾಡುತ್ತಿದ್ದಾಳೆ. ಎರಡು ಊರಿಗೂ ಒಬ್ಬನೇ ಮನುಷ್ಯ ಗಂಟು ಹಾಕಿದ್ದಾನೆ ಅನ್ನುವುದು ಅವಳ ಖುಷಿ.

1948ರ ಮಾರ್ಚ್ 14ರಂದು ಇಲ್ಲಿ ಕಟ್ಟಿದ ‘ಜಲ ಉಷಾ’ವನ್ನು ನೆಹರೂ ನೀರಿಗಿಳಿಸಿದರು. 1952ರಲ್ಲಿ ಕಾರ್ಖಾನೆ ಹಿಂದೂಸ್ತಾನ್ ಶಿಪ್‌ಯಾರ್ಡ್ ಆಯಿತು. ಆದರೆ ಸ್ವಾತಂತ್ರ್ಯ ಬಂತು ಎಂದ ಮಾತ್ರಕ್ಕೆ ದ್ವೀಪದ ಹಡಗು ಪ್ರವಾಸದ ಹಡಗಾಗಲಿಲ್ಲ. 1949ರಿಂದ ಅಂಡಮಾನಿಗೆ ಹೋದವರು ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳು. ಅವರ ಜೊತೆ ಮಕ್ಕಳಿದ್ದರು, ಮರಳಿ ಬರುವ ಊರು ಇರಲಿಲ್ಲ. ಆಮೇಲೆ ಶ್ರೀಕಾಕುಳಂ, ವಿಶಾಖಪಟ್ಟಣದ ಕಡೆಯ ಮೀನುಗಾರರು, ಕೂಲಿಗಳು ಹೋದರು. ಇಂದಿಗೂ ಇಲ್ಲಿಂದ ಹೊರಡುವ ಹಡಗಿನಲ್ಲಿ ಬಹುಪಾಲು ಮಂದಿ ಪ್ರವಾಸಿಗಳಲ್ಲ; ಊರಿಗೆ ಬಂದು ದ್ವೀಪದ ಮನೆಗೆ ವಾಪಸಾಗುವವರು. ಈ ದಾರಿಯಲ್ಲಿ ಓಡಿದ ‘ಸ್ವರಾಜ್ ದ್ವೀಪ್’ ಎಂಬ ಹಡಗು ನಮ್ಮ ಪಕ್ಕದ ಶಿಪ್‌ಯಾರ್ಡಿನಲ್ಲೇ ಕಟ್ಟಿದ್ದು, 1999ರಲ್ಲಿ ಸೇವೆಗೆ ಬಂತು. ಸುಮಾರು 1,200 ಮಂದಿ ಹಿಡಿಯುತ್ತದೆ. 1943ರಲ್ಲಿ ನೇತಾಜಿ ಈ ದ್ವೀಪಸಮೂಹಗಳಿಗೆ ಇಟ್ಟ ‘ಶಹೀದ್’, ‘ಸ್ವರಾಜ್’ ಹೆಸರುಗಳ ನೆನಪು ಅದರಲ್ಲಿದೆ. ಸುಮಾರು 1,200 ಕಿಲೋಮೀಟರ್ ದೂರ, ಎರಡೂವರೆ ದಿನದ ಆಸುಪಾಸು ಪ್ರಯಾಣ. ಬಂಕ್, ಕ್ಯಾಬಿನ್ ಎಂಬ ದರ್ಜೆಗಳು. ಮಕ್ಕಳಿಗೆ ಈಜುಕೊಳವಿಲ್ಲ, ಆಟದ ಕೋಣೆಯಿಲ್ಲ. ನೋಡಲು ನೀರು, ಮಾತಾಡಲು ಸಹಪ್ರಯಾಣಿಕರು.

ಕ್ರೂಸ್‌ನಲ್ಲಿ ಇದೆಲ್ಲ ತಿರುಗುಮುರುಗು. 2022ರ ಜೂನ್‌ನಲ್ಲಿ ಇಲ್ಲಿಗೆ ಬಂದ ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು. ಹಲವು ಕಡಲು, ಹಲವು ಹೆಸರು ದಾಟಿ ಭಾರತಕ್ಕೆ ಬಂದಿದೆ. ವಾಲ್‌ಚಂದರ ಹಳೆಯ ಹಡಗೂ ಒಂದು ಕಾಲಕ್ಕೆ ಎಂಪ್ರೆಸ್ಸೇ! 2023ರ ಸೆಪ್ಟೆಂಬರಿನಲ್ಲಿ ಬಂದರಿನಲ್ಲಿ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಕೂಡ ಉದ್ಘಾಟನೆಯಾಯಿತು. ಕೊಳ, ನಾಟಕ, ಮಕ್ಕಳ ಕೋಣೆ ಎಲ್ಲ ಉಂಟು. ಆದರೆ ಇಲ್ಲಿಂದ ಅದು ಹೋದದ್ದು ಪುದುಚೇರಿ, ಚೆನ್ನೈ ಕಡೆಗೆ. ದ್ವೀಪ ಬೇಕೆಂದರೆ ಲಕ್ಷದ್ವೀಪಕ್ಕೋ ಶ್ರೀಲಂಕಾಕ್ಕೋ ಹೊರಡುವ ಬೇರೆ ಬಂದರನ್ನು ಹುಡುಕಬೇಕು. ಮಗಳಿಗೆ ಇದನ್ನು ವಿವರಿಸಿದಾಗ, “ಅಂದ್ರೆ ಹಡಗೇ ದ್ವೀಪ” ಅಂದಳು. ಸರಿಯಾಗೇ ಹೇಳಿದಳು ಅನ್ನಿಸಿತು.

ಹಾಗಾದರೆ ಹತ್ತಿರದ ಭವಾನಿ ದ್ವೀಪ? ಪ್ರಕಾಶಂ ಬ್ಯಾರೇಜಿನ ಮೇಲ್ಗಡೆ, ನದಿಯ ನಡುವೆ 130 ಎಕರೆ ಮೀರಿದ ಹಸಿರು. ಬೆಳಗಾವಿ, ಬಾಗಲಕೋಟೆ, ರಾಯಚೂರು ದಾಟಿ ಬಂದ ನಮ್ಮ ಕೃಷ್ಣೆಯೇ. ದೋಣಿಯಲ್ಲಿ ಕೆಲವೇ ನಿಮಿಷ. ಹತ್ತಿರ ಎಂಬ ಕಾರಣಕ್ಕೇ ಇಲ್ಲಿ ಜನ ಪ್ರಶ್ನೆ ಕೇಳುವುದಿಲ್ಲ. 2017ರ ನವೆಂಬರ್ 12, ಕಾರ್ತೀಕದ ಭಾನುವಾರ. ಭವಾನಿ ದ್ವೀಪದ ಕಡೆಯಿಂದ ಪವಿತ್ರ ಸಂಗಮಕ್ಕೆ ಹೊರಟಿದ್ದ ಖಾಸಗಿ ದೋಣಿಯೊಂದು ಮಗುಚಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ದೋಣಿಗೆ ಅನುಮತಿ ಇರಲಿಲ್ಲ, ಜನ ಜಾಸ್ತಿ ಇದ್ದರು, ಲೈಫ್ ಜಾಕೆಟ್ ಇರಲಿಲ್ಲ. 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರು ಬಳಿ, ಪಾಪಿಕೊಂಡಲು ನೋಡಲು ಹೊರಟಿದ್ದ ದೋಣಿ ಪ್ರವಾಹದ ಸುಳಿಗೆ ಸಿಕ್ಕಿ ಮುಳುಗಿತು. ಇದ್ದ 77 ಮಂದಿಯಲ್ಲಿ ಬದುಕುಳಿದವರು 26. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪದ ದೋಣಿಗಳನ್ನು ಮಳೆಗಾಲದಲ್ಲಿ ನಿಲ್ಲಿಸಿಬಿಡುತ್ತಾರಲ್ಲ, ಪ್ರವಾಸಿಗಳು ಗೊಣಗಿದರೂ ಆ ನಿಲುಗಡೆಯೇ ಸರಿ.

ಹಡಗಿನ ಸುರಕ್ಷತೆಯ ನಿಯಮಗಳೆಲ್ಲ ಹೀಗೆ ಸತ್ತವರ ಲೆಕ್ಕದಿಂದ ಹುಟ್ಟಿದವು. 1912ರಲ್ಲಿ ಟೈಟಾನಿಕ್ ಮುಳುಗಿತು. 1914ರಲ್ಲಿ ಕಡಲಿನ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಬಂತು. 2012ರ ಜನವರಿ 13ರ ರಾತ್ರಿ, ಇಟಲಿಯ ಜಿಲಿಯೊ ದ್ವೀಪದ ತೀರಾ ಹತ್ತಿರ ಸಾಗಿದ ‘ಕೋಸ್ಟಾ ಕಾಂಕಾರ್ಡಿಯಾ’ ಕ್ರೂಸ್ ಬಂಡೆಗೆ ಬಡಿದು 32 ಮಂದಿ ಸತ್ತರು. ಅಂದು ಹಡಗು ಹತ್ತಿದ್ದ ನೂರಾರು ಜನರಿಗೆ ಅಪಾಯದಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮು ಇನ್ನೂ ಆಗಿರಲಿಲ್ಲ, ಏಕೆಂದರೆ ನಿಯಮ 24 ಗಂಟೆಯ ಅವಕಾಶ ಕೊಟ್ಟಿತ್ತು. 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅದು ಆಗಬೇಕು. ಅಂತರರಾಷ್ಟ್ರೀಯ ಯಾನದ ಪ್ರಯಾಣಿಕ ಹಡಗಿನಲ್ಲಿ ಪ್ರತಿ ಮಗುವಿಗೂ ಮಗುವಿನ ಅಳತೆಯ ಜಾಕೆಟ್ ಇರಬೇಕೆಂಬ ನಿಯಮವೂ ಇದೆ. ದೊಡ್ಡವರ ಜಾಕೆಟ್ಟಿನಿಂದ ಐದು ವರ್ಷದ ಮಗು ಜಾರಿ ಹೋಗುತ್ತದೆ. ನದಿಯ ದೋಣಿಗೆ ಈ ಒಪ್ಪಂದ ಅನ್ವಯಿಸದೇ ಇರಬಹುದು, ಪ್ರಶ್ನೆ ಅನ್ವಯಿಸುತ್ತದೆ.

ಇನ್ನೊಂದು ಪ್ರಶ್ನೆ ಕ್ಯಾಲೆಂಡರಿನದು. ನಮ್ಮ ಮಕ್ಕಳಿಗೆ ದಸರಾ ರಜೆ ಇದೆ, ಹೊರಡಲು ಆಸೆಯಾಗುವುದೂ ಆಗಲೇ. ಆದರೆ ಅಕ್ಟೋಬರಿನಿಂದ ಡಿಸೆಂಬರ್ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. 2014ರ ಅಕ್ಟೋಬರ್ 8ರಂದು ಅಂಡಮಾನಿನ ಲಾಂಗ್ ಐಲ್ಯಾಂಡ್ ದಾಟಿದ ಹುದ್‌ಹುದ್, 12ರಂದು ವಿಶಾಖಪಟ್ಟಣದ ಮೇಲೆ ಬಿತ್ತು. ದ್ವೀಪದಿಂದ ನಮ್ಮೂರಿಗೆ ನಾಲ್ಕು ದಿನ, ಹೆಚ್ಚುಕಡಿಮೆ ಹಡಗಿನ ಅದೇ ದಾರಿ. ಜನವರಿಯಿಂದ ಏಪ್ರಿಲ್‌ವರೆಗೆ ಕಡಲು ಶಾಂತ, ಸಂಕ್ರಾಂತಿಗೆ ಇಲ್ಲಿ ಉದ್ದದ ರಜೆ.

ಇಷ್ಟೆಲ್ಲ ಮುಂದಿಟ್ಟುಕೊಂಡು ನಾವು ಆರಿಸಿದ್ದು ಹೀಗೆ. ಮೊದಲು ಡಿಸೆಂಬರಿನ ಒಂದು ಭಾನುವಾರ, ನದಿ ಇಳಿದ ಮೇಲೆ, ಭವಾನಿ ದ್ವೀಪ. ಅದು ತಾಲೀಮು. “ನನ್ನ ಅಳತೆಯ ಜಾಕೆಟ್ ಇದೆಯಾ?” ಎಂದು ದೋಣಿಯವರನ್ನು ಮಗಳೇ ಕೇಳಬೇಕು, ಇಲ್ಲ ಅಂದರೆ ದಡದಲ್ಲೇ ಬುತ್ತಿ ಬಿಚ್ಚಿ ಊಟ ಮಾಡಿ ಬರುವುದು. ಆಮೇಲೆ ಸಂಕ್ರಾಂತಿಯ ಹೊತ್ತಿಗೆ ಅಂಡಮಾನಿನ ಹಡಗು, ಕ್ಯಾಬಿನ್ ದರ್ಜೆ. ಕ್ರೂಸ್ ಮಕ್ಕಳಿಗೆ ಹೆಚ್ಚು ಮಜಾ ಕೊಡುತ್ತಿತ್ತು, ಒಪ್ಪುತ್ತೇನೆ. ಆದರೆ ಈ ಹಡಗಿನಲ್ಲಿ ಅವರಿಗೆ ದ್ವೀಪದ ಮನೆಗೆ ಮರಳುವ ಮಕ್ಕಳು ಸಿಗುತ್ತಾರೆ, ಸೆಲ್ಯುಲರ್ ಜೈಲಿನ ಅಂಗಳಕ್ಕೆ ಅವರು ಕಡಲು ದಾಟಿಯೇ ಕಾಲಿಡುತ್ತಾರೆ. ಕರಿನೀರು ಅಂದರೆ ಏನೆಂದು ಬಾಯಲ್ಲಿ ಹೇಳುವ ಕಷ್ಟ ನನಗೆ ತಪ್ಪುತ್ತದೆ.

ಓನರ್ ಅಮ್ಮನಿಗೆ ತಿಳಿಸಿದಾಗ ಅವರು ಒಂದೇ ಮಾತು ಹೇಳಿದರು: “ತಿರುಗಿ ಬರೋ ಟಿಕೆಟ್ ಮೊದಲು ತಗೋ ಬಾಬು.” ಹಡಗು ತಿಂಗಳಿಗೊಂದರಂತೆ, ಮರಳುವ ದಿನ ನಮ್ಮ ರಜೆಗೆ ಹೊಂದುವುದಿಲ್ಲ. ಹಾಗಾಗಿ ಬರುವುದು ವಿಮಾನದಲ್ಲಿ. ಆ ನಾಲ್ಕು ಟಿಕೆಟ್ ಮೊನ್ನೆಯೇ ತೆಗೆದಿಟ್ಟಿದ್ದೇನೆ. ಹೋಗುವುದರದ್ದು ಇನ್ನೂ ಬುಕಿಂಗ್ ತೆರೆಯಬೇಕು.