ಯಂತ್ರವೇ ತನ್ನ ದೋಷ ಹೇಳಿದ ಬಗೆ: ಪಿಸಿಯ ಆರಂಭಿಕ ಪರೀಕ್ಷೆಯ ಚರಿತ್ರೆ

ಕಂಪ್ಯೂಟರಿಗೆ ವಿದ್ಯುತ್ ಹರಿದ ಗಳಿಗೆಯಿಂದ ವಿಂಡೋಸ್, ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆ ಪರದೆಯ ಮೇಲೆ ಮೂಡುವವರೆಗಿನ ಅಲ್ಪ ಅವಧಿಯಲ್ಲಿ ಯಂತ್ರವು ತನ್ನ ಬಿಡಿಭಾಗಗಳನ್ನು ಒಂದೊಂದಾಗಿ ತಾನೇ ಪರೀಕ್ಷಿಸಿಕೊಳ್ಳುತ್ತದೆ. ತಂತ್ರಜ್ಞರು 'ಪೋಸ್ಟ್' ಎಂದು ಕರೆಯುವ ಈ ಪರೀಕ್ಷೆಯಲ್ಲಿ ಒಂದು ಮೂಲಭೂತ ತೊಡಕಿದೆ. ಪರೀಕ್ಷೆ ನಡೆಸಬೇಕಾದದ್ದೂ ಪರೀಕ್ಷೆಗೆ ಒಳಗಾಗಬೇಕಾದದ್ದೂ ಒಂದೇ ಯಂತ್ರವಾದ್ದರಿಂದ, ದೋಷವು ಆಳದಲ್ಲಿದ್ದಷ್ಟೂ ಅದನ್ನು ತಿಳಿಸಲು ಯಂತ್ರದ ಕೈಯಲ್ಲಿ ಉಳಿಯುವ ಸಾಧನಗಳು ಕಡಿಮೆಯಾಗುತ್ತ ಹೋಗುತ್ತವೆ. ಪರದೆಯನ್ನು ನಡೆಸುವ ಕಾರ್ಡ್ ಕೆಟ್ಟಿದ್ದರೆ ಅದನ್ನು ಪರದೆಯ ಮೇಲೆ ಬರೆದು ತೋರಿಸಲಾಗದು. ಮುಖ್ಯ ಸಂಸ್ಕಾರಕವೇ ಕೆಟ್ಟಿದ್ದರೆ ಏನನ್ನೂ ಹೇಳಲಾಗದು. ದೀಪ, ಬೀಪ್ ಸದ್ದು, ಸಂಖ್ಯೆ, ವಾಕ್ಯ ಎಂಬ ನಾಲ್ಕು ಬಗೆಯ ಸೂಚನೆಗಳು ಹುಟ್ಟಿಕೊಂಡದ್ದು ಈ ಇಕ್ಕಟ್ಟಿನಿಂದಲೇ.

1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ/360ರಂಥ ದೊಡ್ಡ ಗಣಕಗಳ ಕಾಲದಲ್ಲಿ ದೋಷದ ಸುಳಿವು ಸಿಗುತ್ತಿದ್ದುದು ನಿಯಂತ್ರಣ ಫಲಕದ ಸಾಲುದೀಪಗಳಲ್ಲಿ. ಯಾವ ದೀಪ ಹೊತ್ತಿದೆ, ಯಾವುದು ಆರಿದೆ ಎಂಬುದನ್ನು ಓದಬಲ್ಲವರು ತಯಾರಕ ಸಂಸ್ಥೆಯ ತರಬೇತಾದ ಎಂಜಿನಿಯರುಗಳಾಗಿದ್ದರು, ಯಂತ್ರಗಳು ಬಹುಮಟ್ಟಿಗೆ ಬಾಡಿಗೆಯ ಮೇಲೆ ಇರುತ್ತಿದ್ದುದರಿಂದ ದುರಸ್ತಿಯ ಹೊಣೆಯೂ ಅವರದೇ ಆಗಿತ್ತು. ಯಂತ್ರವನ್ನು ಬಳಸುವವನಿಗೆ ಅದರ ದೋಷವನ್ನು ಅರ್ಥಮಾಡಿಸಬೇಕೆಂಬ ಪ್ರಶ್ನೆಯೇ ಆಗ ಎದ್ದಿರಲಿಲ್ಲ.

ಆ ಪ್ರಶ್ನೆ ಎದ್ದದ್ದು 1981ರ ಆಗಸ್ಟ್‌ನಲ್ಲಿ ಐಬಿಎಂ ಸಂಸ್ಥೆಯು 5150 ಎಂಬ ಮಾದರಿಸಂಖ್ಯೆಯ ವೈಯಕ್ತಿಕ ಗಣಕವನ್ನು, ಅಂದರೆ ಪಿಸಿಯನ್ನು, ಅಂಗಡಿಗಳಲ್ಲಿ ಮಾರಾಟಕ್ಕಿಟ್ಟಾಗ. ಡೇವಿಡ್ ಬ್ರಾಡ್ಲಿ ಮೊದಲಾದವರು ಅದಕ್ಕಾಗಿ ಬರೆದ 'ಬಯೋಸ್' ಎಂಬ ತಂತ್ರಾಂಶ, ವಿದ್ಯುತ್ ಹೋದರೂ ಅಳಿಯದ ಚಿಪ್ ಒಂದರಲ್ಲಿ ಕೇವಲ 8 ಕಿಲೋಬೈಟ್ ಜಾಗದಲ್ಲಿ ಅಡಕವಾಗಿತ್ತು. ಯಂತ್ರದ ಭಾಗಗಳನ್ನು ಎಬ್ಬಿಸಿ ಸಿದ್ಧಗೊಳಿಸುವ ಕೆಲಸದ ಜೊತೆಗೆ ಪರೀಕ್ಷೆಯ ಕೆಲಸವೂ ಅದರದೇ. ಪರೀಕ್ಷೆಯ ಕ್ರಮವನ್ನು ಅತ್ಯಂತ ಎಚ್ಚರದಿಂದ ಹೆಣೆಯಲಾಗಿತ್ತು. ಮೊದಲು ಸಂಸ್ಕಾರಕವು ತನ್ನೊಳಗಿನ ತಾತ್ಕಾಲಿಕ ಕೋಶಗಳನ್ನು ತಾನೇ ಪರಿಶೀಲಿಸಿಕೊಳ್ಳುತ್ತಿತ್ತು, ಅಲ್ಲಿ ತಪ್ಪು ಕಂಡರೆ ಸದ್ದಿಲ್ಲದೆ ನಿಂತುಬಿಡುತ್ತಿತ್ತು. ಬಳಿಕ ಬಯೋಸ್ ತನ್ನ ಬೈಟುಗಳನ್ನೆಲ್ಲ ಕೂಡಿ, ಮೊತ್ತ ನಿರೀಕ್ಷಿತ ಬೆಲೆಗೆ ಸರಿಹೊಂದುತ್ತದೆಯೇ ಎಂದು ನೋಡುತ್ತಿತ್ತು. ಆಮೇಲೆ ಮೆಮೊರಿಯ ಮೊದಲ 16 ಕಿಲೋಬೈಟ್‌ಗಳಲ್ಲಿ ಗೊತ್ತಾದ ವಿನ್ಯಾಸಗಳನ್ನು ಬರೆದು ಮರಳಿ ಓದಲಾಗುತ್ತಿತ್ತು. ಪರದೆ, ಉಳಿದ ಮೆಮೊರಿ, ಕೀಲಿಮಣೆ, ಡಿಸ್ಕ್ ಡ್ರೈವ್‌ಗಳ ಸರದಿ ಬರುತ್ತಿದ್ದುದು ಇಷ್ಟೆಲ್ಲ ಮುಗಿದ ಮೇಲೆ. ಎಲ್ಲವೂ ಸರಿಯಿದ್ದರೆ ಒಂದು ಚಿಕ್ಕ ಬೀಪ್ ಕೇಳಿಸುತ್ತಿತ್ತು. ಒಂದು ದೀರ್ಘ ಬೀಪ್‌ನ ಬೆನ್ನಿಗೆ ಎರಡು ಚಿಕ್ಕ ಬೀಪ್‌ಗಳು ಬಂದರೆ ದೋಷ ಪರದೆಯನ್ನು ನಡೆಸುವ ಕಾರ್ಡ್‌ನಲ್ಲಿದೆ ಎಂದರ್ಥ. ಮೆಮೊರಿಯ ಪೂರ್ಣ ಪರೀಕ್ಷೆಗೆ ಹಿಡಿಯುತ್ತಿದ್ದ ಸಮಯವನ್ನು ಉಳಿಸುವ ದಾರಿಯೂ ಅದರಲ್ಲೇ ಇತ್ತು: ಕಂಟ್ರೋಲ್, ಆಲ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬಯೋಸ್ ಮೆಮೊರಿಯ ಒಂದು ಗೊತ್ತಾದ ಜಾಗದಲ್ಲಿ ಗುರುತೊಂದನ್ನು ಬರೆದಿಡುತ್ತಿತ್ತು, ಯಂತ್ರ ಮತ್ತೆ ಏಳುವಾಗ ಆ ಗುರುತನ್ನು ಕಂಡು ಮೆಮೊರಿ ಪರೀಕ್ಷೆಯನ್ನು ಬಿಟ್ಟು ಮುಂದೆ ಸಾಗುತ್ತಿತ್ತು.

ಪರದೆ ಎಚ್ಚೆತ್ತ ಬಳಿಕ ಕಂಡ ದೋಷಗಳನ್ನು ಸಂಖ್ಯೆಗಳಲ್ಲಿ ತಿಳಿಸಲಾಗುತ್ತಿತ್ತು. 101 ಎಂದರೆ ಮದರ್‌ಬೋರ್ಡ್, 201 ಎಂದರೆ ಮೆಮೊರಿ, 301 ಎಂದರೆ ಕೀಲಿಮಣೆ, 601 ಎಂದರೆ ಫ್ಲಾಪಿ ಡ್ರೈವ್. 1983ರಲ್ಲಿ ಎಕ್ಸ್‌ಟಿ ಮಾದರಿಯೊಂದಿಗೆ ಹಾರ್ಡ್ ಡಿಸ್ಕ್ ಬಂದಾಗ ಅದರ ಪಾಲಿಗೆ 1701 ಸೇರಿತು. ಮೇಲ್ನೋಟಕ್ಕೆ ಒರಟೆನಿಸುವ ಈ ಪದ್ಧತಿಯ ನಿಖರತೆಯನ್ನು ಕಾಣಲು 201ನ್ನೇ ನೋಡಬೇಕು. ಆ ಸಂಖ್ಯೆಯ ಹಿಂದೆ ಮೂಡುತ್ತಿದ್ದ ಅಂಕಿಗಳು ಯಾವ ಸಾಲಿನ ಯಾವ ಬಿಟ್‌ನಲ್ಲಿ ತಪ್ಪಾಗಿದೆ ಎಂಬುದನ್ನು ಹೇಳುತ್ತಿದ್ದುದರಿಂದ, ಕೈಪಿಡಿಯ ನೆರವಿನಿಂದ ಅವನ್ನು ಬಿಡಿಸಿ ಓದಬಲ್ಲವನು ಕೆಟ್ಟ ಚಿಪ್ ಒಂದನ್ನೇ ಗುರುತಿಸಿ, ಸಾಕೆಟ್‌ನಿಂದ ಕಿತ್ತು, ಬೇರೊಂದನ್ನು ಹಾಕಬಹುದಿತ್ತು. ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಮದರ್‌ಬೋರ್ಡ್‌ನ ಮಂಡಲ ನಕ್ಷೆಗಳನ್ನೂ ಬಯೋಸ್‌ನ ಸಂಪೂರ್ಣ ಮೂಲಪಠ್ಯವನ್ನೂ ಅಚ್ಚು ಮಾಡಿಸಿತ್ತು. ದೋಷಸೂಚನೆಯ ಚರಿತ್ರೆಯಲ್ಲಿ ಇದಕ್ಕಿಂತ ಉದಾರವಾದ ನಡೆ ಆಮೇಲೆ ಕಾಣಸಿಗುವುದು ವಿರಳ.

ಮೆಮೊರಿಗೆ ಇಷ್ಟೊಂದು ಗಮನ ಸಿಕ್ಕಿದ್ದು ಅಕಾರಣವಾಗಿ ಅಲ್ಲ. 1970ರ ದಶಕದ ಕೊನೆಯಲ್ಲಿ ಇಂಟೆಲ್ ಸಂಸ್ಥೆಯ ತಿಮೊಥಿ ಮೇ ಮತ್ತು ಮರ್ರೆ ವುಡ್ಸ್, ಚಿಪ್‌ಗಳ ಹೊರಕವಚದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದ ಯುರೇನಿಯಂ, ಥೋರಿಯಂಗಳಿಂದ ಹೊಮ್ಮುವ ಆಲ್ಫಾ ಕಣಗಳು ಮೆಮೊರಿಯ ಬಿಟ್ ಒಂದನ್ನು ತಿರುವುಮುರುವು ಮಾಡಬಲ್ಲವು ಎಂದು ತೋರಿಸಿದರು. ಚಿಪ್ ಕೆಡದೆಯೇ ಅದರೊಳಗಿನ ಮಾಹಿತಿ ಕೆಡುವ ಇಂಥ ದೋಷ ಆರಂಭದ ಪರೀಕ್ಷೆಗೆ ಸಿಕ್ಕುವಂಥದಲ್ಲ, ಏಕೆಂದರೆ ಅದು ಯಾವಾಗ ಬೇಕಾದರೂ ಒದಗಬಹುದು. ಆದ್ದರಿಂದ 5150ರಲ್ಲಿ ಎಂಟು ಬಿಟ್‌ಗಳ ಪ್ರತಿ ಬೈಟ್‌ಗೂ ಒಂಬತ್ತನೆಯ ಬಿಟ್ ಒಂದನ್ನು ಕಾವಲಿಗೆ ಇಡಲಾಗಿತ್ತು. ಬೈಟಿನಲ್ಲಿರುವ ಒಂದುಗಳ ಎಣಿಕೆ ಸಮವೋ ಬೆಸವೋ ಎಂಬುದನ್ನು ನೋಡಿಕೊಳ್ಳುವ 'ಪ್ಯಾರಿಟಿ' ಎಂಬ ಈ ವ್ಯವಸ್ಥೆಯಲ್ಲಿ ಲೆಕ್ಕ ತಪ್ಪಿದರೆ, 'ಪ್ಯಾರಿಟಿ ಚೆಕ್ 1' ಅಥವಾ 'ಪ್ಯಾರಿಟಿ ಚೆಕ್ 2' ಎಂದು ಪರದೆಯ ಮೇಲೆ ಬರೆದು ಯಂತ್ರ ನಿಂತುಬಿಡುತ್ತಿತ್ತು. ಮೊದಲನೆಯದು ಮದರ್‌ಬೋರ್ಡ್‌ನ ಮೆಮೊರಿಗೆ, ಎರಡನೆಯದು ಹೆಚ್ಚುವರಿ ಕಾರ್ಡ್‌ನ ಮೆಮೊರಿಗೆ ಸಂಬಂಧಿಸಿದ್ದು. ಮಾಡುತ್ತಿದ್ದ ಕೆಲಸ ನಷ್ಟವಾದರೂ ಚಿಂತೆಯಿಲ್ಲ, ತಪ್ಪು ಲೆಕ್ಕವನ್ನು ಸರಿಯೆಂದು ಕೊಡಬಾರದು ಎಂಬ ನಿಲುವು ಇದರ ಹಿಂದಿತ್ತು, ಅದು ಗೌರವಾರ್ಹವಾದ ನಿಲುವು.

1984ರ ಆಗಸ್ಟ್‌ನಲ್ಲಿ ಬಂದ ಎಟಿ ಮಾದರಿ ಎರಡು ಹೊಸ ಸಂಗತಿಗಳನ್ನು ತಂದಿತು. ಯಂತ್ರದ ರಚನೆಯ ವಿವರಗಳನ್ನೂ ದಿನಾಂಕವನ್ನೂ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುವ ಚಿಪ್ ಅದರಲ್ಲಿದ್ದುದರಿಂದ, ಬ್ಯಾಟರಿ ಸತ್ತಾಗ 161, ಗಡಿಯಾರ ತಪ್ಪಿದಾಗ 163 ಎಂಬ ಸಂಖ್ಯೆಗಳು ಕಾಣಿಸಿಕೊಳ್ಳತೊಡಗಿದವು. ಎರಡನೆಯದಾಗಿ, ಬಯೋಸ್ ಪ್ರತಿ ಹಂತವನ್ನು ಆರಂಭಿಸುವ ಮುನ್ನ ಆ ಹಂತದ ಕ್ರಮಸಂಖ್ಯೆಯನ್ನು '80 ಹೆಕ್ಸ್' ಎಂಬ ವಿಳಾಸಕ್ಕೆ ಕಳುಹಿಸುವ ಪದ್ಧತಿ ಜಾರಿಗೆ ಬಂತು. ಎರಡು ಅಂಕಿಗಳನ್ನು ತೋರಿಸುವ ಪುಟ್ಟ ಕಾರ್ಡ್ ಒಂದನ್ನು ಸ್ಲಾಟಿಗೆ ಸಿಕ್ಕಿಸಿದರೆ, ಪರದೆಯೂ ಸ್ಪೀಕರೂ ಮೂಕವಾಗಿರುವಾಗಲೂ ಯಂತ್ರ ಯಾವ ಹಂತದಲ್ಲಿ ನಿಂತಿತೆಂಬುದು ತಿಳಿಯುತ್ತಿತ್ತು. ದುರಸ್ತಿಗಾರರ ಕೈಗೆ ಸಿಕ್ಕ ಸಾಧನಗಳಲ್ಲಿ ಇದರಷ್ಟು ಉಪಯುಕ್ತವಾದದ್ದು ಮತ್ತೊಂದಿರಲಿಲ್ಲ.

ಅಷ್ಟರಲ್ಲಿ ಪಿಸಿಯ ಅನುಕರಣೆಗಳು ಮಾರುಕಟ್ಟೆಗೆ ಬರತೊಡಗಿದ್ದವು. ಕೃತಿಸ್ವಾಮ್ಯದ ಮೊಕದ್ದಮೆಗೆ ಸಿಲುಕದಂತೆ ಒಂದು ತಂಡ ಐಬಿಎಂ ಬಯೋಸ್‌ನ ನಡವಳಿಕೆಯನ್ನು ಮಾತ್ರ ವಿವರಿಸುವುದು, ಮೂಲಪಠ್ಯವನ್ನು ಕಾಣದ ಇನ್ನೊಂದು ತಂಡ ಆ ವಿವರಣೆಯಿಂದ ಹೊಸದಾಗಿ ಬರೆಯುವುದು, ಈ ವಿಧಾನದಿಂದ ಕಾಂಪ್ಯಾಕ್ ತನಗಾಗಿಯೂ, 1984ರಲ್ಲಿ ಫೀನಿಕ್ಸ್ ಇತರರಿಗೆ ಮಾರುವುದಕ್ಕಾಗಿಯೂ ಬಯೋಸ್ ರಚಿಸಿದವು. ಅವಾರ್ಡ್ ಮತ್ತು ಎಎಂಐ ಸಂಸ್ಥೆಗಳೂ ಇದೇ ವ್ಯಾಪಾರಕ್ಕಿಳಿದವು. ಕಾರ್ಯಕ್ರಮಗಳು ಎಲ್ಲ ಯಂತ್ರಗಳಲ್ಲೂ ಓಡಬೇಕಾಗಿದ್ದುದರಿಂದ ಬಯೋಸ್‌ನ ಉಳಿದೆಲ್ಲ ವರ್ತನೆ ಒಂದೇ ಆಗಿರುವುದು ಅನಿವಾರ್ಯವಾಗಿತ್ತು, ದೋಷಸೂಚನೆಗೆ ಮಾತ್ರ ಆ ಕಟ್ಟುಪಾಡು ಇರಲಿಲ್ಲ. ಹೀಗಾಗಿ ಎಎಂಐನಲ್ಲಿ ಎಂಟು ಬೀಪ್‌ಗಳು ಹೇಳುತ್ತಿದ್ದ ಪರದೆಯ ದೋಷವನ್ನು ಅವಾರ್ಡ್‌ನಲ್ಲಿ ಒಂದು ದೀರ್ಘ, ಎರಡು ಚಿಕ್ಕ ಬೀಪ್‌ಗಳು ಹೇಳುತ್ತಿದ್ದವು. ಫೀನಿಕ್ಸ್‌ನವು ನಡುನಡುವೆ ಬಿಡುವಿರುವ ಗುಂಪುಗಳಾಗಿದ್ದವು. ಅಗ್ಗದ ಬೋರ್ಡ್‌ಗಳ ಜೊತೆ ಬರುತ್ತಿದ್ದ ತೆಳುವಾದ ಪುಸ್ತಿಕೆಗಳಲ್ಲಿ ಇವುಗಳ ವಿವರ ಎಷ್ಟೋ ವೇಳೆ ಇರುತ್ತಲೇ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳಲ್ಲಿ ಈ ಜ್ಞಾನ ಕೈಯಿಂದ ಕೈಗೆ ಸಾಗಿತು: ಬೀಪ್ ಕೇಳಿದೊಡನೆ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಅದರ ಅಂಚಿನ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿಗೆ, ಕೊಳೆಯಿಂದ ಅಲ್ಲಿ ವಿದ್ಯುತ್ ಸಂಪರ್ಕ ತಪ್ಪುತ್ತದೆಂಬ ಸರಿಯಾದ ತಿಳಿವಳಿಕೆಯೇ ಆಧಾರ.

1990ರ ದಶಕದ ನಡುವಿನಿಂದ ಈ ಸೂಚನೆಗಳು ಮರೆಯಾಗುತ್ತ ಬಂದವು. ಮೆಮೊರಿಯ ಎಣಿಕೆ ಓಡುತ್ತಿದ್ದ ಪರದೆಯನ್ನು ತಯಾರಕರ ಲಾಂಛನ ಮುಚ್ಚಿತು, ಬೋರ್ಡ್‌ಗಳಿಂದ ಸ್ಪೀಕರ್ ಮಾಯವಾಯಿತು. 2005ರಲ್ಲಿ ರೂಪುಗೊಂಡ ಯುಇಎಫ್ಐ ವೇದಿಕೆಯ ಮಾನದಂಡಗಳು ಹಳೆಯ ಬಯೋಸ್‌ನ ಜಾಗವನ್ನು ಕ್ರಮೇಣ ತುಂಬಿದವು. ಬೆಲೆ ಇಳಿಸುವ ಪೈಪೋಟಿಯಲ್ಲಿ ಮನೆಬಳಕೆಯ ಪಿಸಿಗಳಿಂದ ಒಂಬತ್ತನೆಯ ಬಿಟ್ ಕೂಡ ಹೊರಬಿದ್ದಿತು. ಅದರೊಂದಿಗೆ ಪ್ಯಾರಿಟಿಯ ಎಚ್ಚರಿಕೆ ಹೋಯಿತೇ ಹೊರತು ಬಿಟ್ ತಿರುಗುವ ದೋಷ ಹೋಗಲಿಲ್ಲ. ತಪ್ಪನ್ನು ತಿದ್ದಬಲ್ಲ ಇಸಿಸಿ ಮೆಮೊರಿ ಸರ್ವರ್‌ಗಳಲ್ಲಿ ಉಳಿಯಿತು, ಉಳಿದ ಯಂತ್ರಗಳಲ್ಲಿ ಕೆಟ್ಟ ಬಿಟ್‌ನ ಫಲ ಕಾರಣ ತಿಳಿಯದೆ ಕೆಡುವ ಕಡತವಾಗಿಯೋ ಏಕಾಏಕಿ ನಿಲ್ಲುವ ಕಾರ್ಯಕ್ರಮವಾಗಿಯೋ ಕಾಣಿಸಿಕೊಳ್ಳುತ್ತ ಬಂದಿತು. 2020ರಲ್ಲಿ ಮಾನದಂಡ ಪ್ರಕಟವಾದ ಡಿಡಿಆರ್5 ಮೆಮೊರಿಯ ಚಿಪ್‌ಗಳು ತಮ್ಮೊಳಗೆ ಆಗುವ ಒಂದು ಬಿಟ್‌ನ ತಪ್ಪನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ಆದರೆ ಚಿಪ್‌ನಿಂದ ಸಂಸ್ಕಾರಕದವರೆಗಿನ ದಾರಿಯಲ್ಲಿ ಆಗುವ ತಪ್ಪಿಗೆ ಆ ರಕ್ಷಣೆಯಿಲ್ಲ, ತಿದ್ದುಪಡಿ ನಡೆಯಿತೆಂಬ ಸುದ್ದಿಯೂ ಸಾಮಾನ್ಯ ಬಳಕೆದಾರನ ಪರದೆಗೆ ಬರುವುದಿಲ್ಲ.