ಬೋಧಕನ ಬೇಸರ

ಕ್ರಿಸ್ತಶಕ ೪೦೦ರ ಸುಮಾರಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದಿಂದ ಹಿಪ್ಪೊ ಪಟ್ಟಣದ ಬಿಷಪ್ಪನಿಗೆ ಒಂದು ಕಾಗದ ಬಂದಿತು. ಬರೆದವನು ದೇವೊಗ್ರಾತಿಯಸ್ ಎಂಬ ಉಪಯಾಜಕ. ಪಡೆದವನು ಸಂತ ಅಗಸ್ಟೀನ. ಕ್ರೈಸ್ತಧರ್ಮವನ್ನು ಸೇರಬಯಸಿದ ವಯಸ್ಕರನ್ನು ಮೊದಲ ಬೋಧೆಗಾಗಿ ಜನರು ಈ ಉಪಯಾಜಕನ ಬಳಿಗೆ ಕರೆತರುತ್ತಿದ್ದರು. ಒಳ್ಳೆಯ ಮಾತುಗಾರನೆಂದು ಆತನಿಗೆ ಹೆಸರು. ಆದರೆ ಆತನ ಅಳಲೇ ಬೇರೆ. ಕಥೆಯನ್ನು ಎಲ್ಲಿಂದ ಹಿಡಿಯಬೇಕು, ಎಲ್ಲಿಗೆ ಬಿಡಬೇಕು? ಮಾತು ಉದ್ದವಾಗುತ್ತದೆ, ಸಪ್ಪೆಯಾಗುತ್ತದೆ. ಕೇಳುವವನ ಪಾಡು ಹಾಗಿರಲಿ, ಹೇಳುವ ತನಗೇ ಬೇಸರ. ವರ್ಷವರ್ಷವೂ ಅದೇ ಪಠ್ಯವನ್ನು ತೆರೆಯುವ ನಮ್ಮಂಥ ಮೇಷ್ಟರುಗಳಿಗೆ ಈ ಅಳಲು ಅಪರಿಚಿತವೇನಲ್ಲ.

ಆ ಮೊದಲ ಬೋಧೆಯ ತೂಕ ತಿಳಿಯಬೇಕಾದರೆ ಅಂದಿನ ಪದ್ಧತಿಯನ್ನು ನೋಡಬೇಕು. ಬಂದವನಿಗೆ ಒಡನೆಯೇ ಜ್ಞಾನಸ್ನಾನವಾಗುತ್ತಿರಲಿಲ್ಲ. ಬೋಧೆಯನ್ನು ಕೇಳಿ ಒಪ್ಪಿದರೆ ಶಿಲುಬೆಯ ಗುರುತು, ನಾಲಗೆಗೆ ಉಪ್ಪು. ಅಲ್ಲಿಗೆ ಅವನು ದೀಕ್ಷಾರ್ಥಿ. ದೇವಾಲಯದಲ್ಲಿ ಉಪದೇಶವನ್ನು ಕೇಳಬಹುದು. ಪರಮಪ್ರಸಾದದ ವಿಧಿ ತೊಡಗುವ ಮುನ್ನ ಹೊರನಡೆಯಬೇಕು. ಹೀಗೆಯೇ ವರ್ಷಗಳು ಕಳೆಯಬಹುದಾಗಿತ್ತು. ಸಿದ್ಧನಾದವನು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹೆಸರು ಕೊಟ್ಟು, ಉಪವಾಸವಿದ್ದು, ವಿಶ್ವಾಸಪ್ರಮಾಣವನ್ನು ಬಾಯಿಪಾಠ ಮಾಡಬೇಕು, ಅದನ್ನು ಬರೆದಿಟ್ಟುಕೊಳ್ಳುವಂತಿಲ್ಲ. ಈಸ್ಟರಿನ ಜಾಗರಣೆಯ ರಾತ್ರಿ ನೀರಿಗಿಳಿಯುತ್ತಿದ್ದ. ಈ ಹಾದಿಯಲ್ಲಿ ಅಗಸ್ಟೀನನೂ ನಿಧಾನವಾಗಿಯೇ ನಡೆದವನು. ಶೈಶವದಲ್ಲೇ ಅವನಿಗೆ ಶಿಲುಬೆಯ ಗುರುತೂ ಉಪ್ಪೂ ಆಗಿದ್ದವು. ಮಿಲಾನಿನಲ್ಲಿ ಬಿಷಪ್ ಆಂಬ್ರೋಸನಿಂದ ಜ್ಞಾನಸ್ನಾನವಾದದ್ದು ೩೮೭ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ. ನಡುವಣ ಕಾಲದಲ್ಲಿ ಕಾರ್ಥೇಜ್, ರೋಮ್, ಮಿಲಾನುಗಳಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದ. ತರಗತಿಯ ಕಷ್ಟ ಅವನಿಗೆ ಗೊತ್ತು.

ಅವನ ಉತ್ತರ ಒಂದು ಪುಟ್ಟ ಲ್ಯಾಟಿನ್ ಗ್ರಂಥವೇ ಆಯಿತು. ಸೃಷ್ಟಿಯಿಂದ ಹಿಡಿದು ಧರ್ಮಸಭೆಯ ಇಂದಿನವರೆಗೆ ಕಥೆಯನ್ನು ಹೇಳು, ಆದರೆ ಎಲ್ಲವನ್ನೂ ಹೇಳಲು ಹೋಗಬೇಡ, ಮುಖ್ಯವಾದಲ್ಲಿ ನಿಲ್ಲು ಎಂದು ಕ್ರಮವನ್ನು ತಿಳಿಸುತ್ತಾನೆ. ಆದರೆ ಗ್ರಂಥದ ಜೀವ ಅಲ್ಲಿಲ್ಲ. ತನ್ನ ಮಾತೂ ತನಗೆ ಹೆಚ್ಚಾಗಿ ರುಚಿಸುವುದಿಲ್ಲವೆಂದು ಅವನು ಮೊದಲೇ ಒಪ್ಪಿಕೊಳ್ಳುತ್ತಾನೆ. ಅರಿವು ಮಿಂಚಿನಂತೆ ಹೊಳೆಯುತ್ತದೆ, ನುಡಿ ತೆವಳುತ್ತದೆ. ಆಮೇಲೆ ಬೋಧಕನ ಬೇಸರಕ್ಕೆ ಕಾರಣಗಳನ್ನು ವೈದ್ಯನಂತೆ ಒಂದೊಂದಾಗಿ ಹುಡುಕುತ್ತಾನೆ. ಹಳೆಯ ಪಾಠವೆಂಬ ಜುಗುಪ್ಸೆಗೆ ಅವನು ಕೊಡುವ ಮದ್ದು ಸೊಗಸಾದುದು. ನಾವು ದಿನವೂ ಕಂಡು ಕಣ್ಣೆತ್ತಿಯೂ ನೋಡದ ಊರನ್ನು ಮೊದಲ ಸಲ ಬಂದ ಗೆಳೆಯನಿಗೆ ತೋರಿಸುವಾಗ ಅದು ನಮಗೂ ಹೊಸದಾಗುವುದಿಲ್ಲವೆ? ಕೇಳುವವನ ಮೇಲೆ ಪ್ರೀತಿಯಿದ್ದರೆ ಪಾಠವೂ ಹಾಗೆಯೇ.

ಬಂದವರೆಲ್ಲ ಒಂದೇ ಬಗೆಯವರಲ್ಲವೆಂಬ ಎಚ್ಚರವೂ ಅವನಿಗಿದೆ. ಓದಿಕೊಂಡವನಿಗೆ ತಿಳಿದದ್ದನ್ನೇ ಮತ್ತೆ ಒಪ್ಪಿಸಬಾರದು. ವ್ಯಾಕರಣಶಾಲೆಯಿಂದ ಬಂದ ಜಾಣನಾದರೋ, ಪ್ರಾರ್ಥಿಸುವ ಪಾದ್ರಿಯ ಭಾಷೆ ತಪ್ಪಿದರೆ ನಗದಿರುವುದನ್ನು ಕಲಿಯಬೇಕು. (ಕನ್ನಡದ ಎಂ.ಎ.ಗಳಾದ ನಮಗೂ ಈ ಮಾತು ತಾಗದೆ ಇರದು.) ಇನ್ನು ಆಕಳಿಸುವವನ ವಿಷಯ. ಅಂದು ಅಲ್ಲಿ ಕೇಳುವವರು ನಿಂತೇ ಕೇಳುವುದು ವಾಡಿಕೆ. ಒಬ್ಬ ಹಳ್ಳಿಗನಿಗೆ ಬೋಧಿಸುವಾಗ ತನಗಾದ ಅನುಭವವನ್ನು ಅಗಸ್ಟೀನ ನೆನೆಯುತ್ತಾನೆ. ಆಸಕ್ತಿಯಿದ್ದವನೂ ಕಾಲು ಸೋತರೆ ಹೊರಟುಹೋಗಬಹುದು. ಆದಕಾರಣ ಅವನಿಗೊಂದು ಪೀಠ ಕೊಡು. ಇಲ್ಲವೆ ಮೊದಲಿನಿಂದಲೇ ಕೂರಿಸಿಬಿಡು. ಕಡಲಾಚೆಯ ಕೆಲವು ದೇವಾಲಯಗಳಲ್ಲಿ ಜನರಿಗೂ ಆಸನಗಳಿವೆಯಲ್ಲ, ಅದೇ ಮೇಲು ಎನ್ನುತ್ತಾನೆ. ದೊಡ್ಡ ದೇವಶಾಸ್ತ್ರಜ್ಞನೊಬ್ಬ ಪೀಠದ ವಿಚಾರಕ್ಕೆ ಇಷ್ಟು ಜಾಗ ಕೊಟ್ಟದ್ದು ನನಗೆ ಬಹಳ ಹಿಡಿಸಿತು.

ಮುಂದೆ ಶಿಶುಗಳಿಗೇ ಜ್ಞಾನಸ್ನಾನವಾಗುವುದು ರೂಢಿಯಾದ ಮೇಲೆ ಯೂರೋಪಿನಲ್ಲಿ ವಯಸ್ಕರ ಈ ಹಂತಗಳೆಲ್ಲ ಸವೆದುಹೋದವು. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರಲ್ಲಿ ಅವನ್ನು ಮತ್ತೆ ತರಬೇಕೆಂದು ವಿಧಿಸಿತು. ೧೯೭೨ರಲ್ಲಿ ವಯಸ್ಕರ ದೀಕ್ಷಾವಿಧಿಯ ಪುಸ್ತಕ ರೋಮಿನಿಂದ ಹೊರಟಿತು.

ಅಗಸ್ಟೀನನ ಗ್ರಂಥ ಎರಡು ಮಾದರಿ ಭಾಷಣಗಳೊಂದಿಗೆ ಮುಗಿಯುತ್ತದೆ. ಮೊದಲನೆಯದು ಬಹಳ ಉದ್ದ. ಅದು ಮುಗಿದೊಡನೆ, ಹೊತ್ತು ಇಲ್ಲದಾಗ ಹೇಳಲೆಂದು, ಅದರ ಕಾಲುಪಾಲೂ ಇಲ್ಲದ ಇನ್ನೊಂದನ್ನು ಬರೆದುಕೊಟ್ಟಿದ್ದಾನೆ.